ಕೆಂಪು ನೀರು, ಕಪ್ಪು ಲೇಪ

ನಾಗಾಓಕ, ನವೆಂಬರ್ 18

ಹರು,

ನೀನು ಹೋಗಿ ಎರಡು ವಾರವಾಗುತ್ತ ಬಂತು. ತಲುಪಿದೆ ಅಂತ ಒಂದು ಕಾರ್ಡು ಹಾಕುವುದಕ್ಕೂ ಕೈ ಬರಲಿಲ್ಲ. ಮಿಯಾಜಾಕಿಯಲ್ಲಿ ಅಂಚೆಪೆಟ್ಟಿಗೆ ಇರುವುದಿಲ್ಲವೇನೋ, ಬರೀ ತಾಳೆಮರವಿರಬೇಕು. ಮಗಳ ಮನೆಯ ಜಗಲಿಯಲ್ಲಿ ಬಿಸಿಲಿಗೆ ಬೆನ್ನೊಡ್ಡಿ ಕೂತವನಿಗೆ ಹಿಮದೂರಿನಲ್ಲಿ ಬಿಟ್ಟುಹೋದ ಅಕ್ಕ ಯಾಕೆ ನೆನಪಾಗುತ್ತಾಳೆ? ಫೋನು ಮಾಡಿದರೆ ನೀನು ಕೂಗುತ್ತೀ, ನಾನು ಅಳುತ್ತೇನೆ, ಹೇಳಬೇಕಾದ್ದು ಅಲ್ಲೇ ಉಳಿಯುತ್ತದೆ. ಅದಕ್ಕೇ ಈ ಕಾಗದ. ತಪ್ಪಿದ್ದರೆ ತಿದ್ದಿಕೊಂಡು ಓದು. ನಿನ್ನನ್ನು ಬೆನ್ನಿಗೆ ಕಟ್ಟಿಕೊಂಡು ಶಾಲೆಗೆ ಹೋಗುತ್ತಿದ್ದೆ. ನೀನು ಅತ್ತಾಗಲೆಲ್ಲ ಮೇಷ್ಟ್ರು ಇಬ್ಬರನ್ನೂ ಹೊರಗೆ ಕಳಿಸುತ್ತಿದ್ದರು. ಹೊರಗೆ ನಿಂತು ಕಲಿತದ್ದು ಇಷ್ಟೇ.

ನಿನ್ನ ಬಿಳಿ ಕಾರು ನಮ್ಮ ಶೆಡ್ಡಿನಲ್ಲಿ ನೀಲಿ ಹೊದಿಕೆಯ ಕೆಳಗಿದೆ. ಇಲಿ ಸೇರಿಕೊಂಡರೆ? ಶೆಡ್ಡಿನ ಸೂರು ಹಿಮದ ಭಾರಕ್ಕೆ ಕುಸಿದರೆ? ಇದೇ ಯೋಚನೆಯಲ್ಲಿ ಅನ್ನ ಸೀದುಹೋಯಿತು.

ಈಗ ಮುಖ್ಯ ವಿಷಯ. ನದಿಯಾಚೆಗೆ ಹೋಗುವ ಬಸ್ಸನ್ನು ಡಿಸೆಂಬರಿನಿಂದ ನಿಲ್ಲಿಸುತ್ತಾರಂತೆ. ಹತ್ತುವುದು ನಾವು ನಾಲ್ಕು ಮುದುಕಿಯರು, ಅದಕ್ಕೆ. ನಿನ್ನ ಭಾವ ಇರುವ ಆರೈಕೆ ಮನೆ ಆಚೆ ದಡದಲ್ಲಿದೆ ಅನ್ನುವುದು ನಿನಗೆ ನೆನಪಿದೆಯೋ ಇಲ್ಲವೋ. ಲಕ್ವ ಹೊಡೆದಾಗಿನಿಂದ ಅವರು ನನ್ನ ಕೈಯಿಂದ ಮಾತ್ರ ಉಣ್ಣುವುದು. ದಾದಿಯರು ಚಮಚ ತಂದರೆ ಹಲ್ಲು ಕಚ್ಚಿಕೊಳ್ಳುತ್ತಾರೆ. ನಾನು ಹೋಗದ ದಿನ ಅವರಿಗೆ ಕೊಳವೆಯಲ್ಲಿ ಹಾಕುತ್ತಾರೆ. ನನ್ನ ಲೈಸೆನ್ಸು ಇನ್ನೂ ಇದೆ. ನೇಯ್ಗೆ ಗಿರಣಿಯ ವ್ಯಾನು ಓಡಿಸುತ್ತಿದ್ದೆನಲ್ಲ. ಕಾರನ್ನು ಸೇತುವೆಯಾಚೆಯವರೆಗೆ ಮಾತ್ರ ತೆಗೆದುಕೊಂಡು ಹೋಗಲೇ? ಬೇರೆಲ್ಲಿಗೂ ಇಲ್ಲ.

ನಿನ್ನ ಅಕ್ಕ
ತೊಕಿಯೆ


ಮಿಯಾಜಾಕಿ, ನವೆಂಬರ್ 29

ಅಕ್ಕಾ,

ಬೇಡ.

ನೀನು ಗಿರಣಿ ವ್ಯಾನು ಓಡಿಸಿದ ಕಾಲದಲ್ಲಿ ಎದುರಿಗೆ ಬರುತ್ತಿದ್ದದ್ದು ಎತ್ತಿನ ಗಾಡಿ. ಸ್ಟೀರಿಂಗನ್ನು ತೋಫು ಹಿಡಿದ ಹಾಗೆ ಹಿಡಿಯುವವಳು ಹೆಪ್ಪುಗಟ್ಟಿದ ಸೇತುವೆಯ ಮೇಲೆ ಹೋಗುತ್ತಾಳಂತೆ! ನೀನು ನದಿಗೆ ಬೀಳುವುದಿರಲಿ, ಆ ಸೇತುವೆಗೆ ಎಷ್ಟು ಉಪ್ಪು ಸುರಿಯುತ್ತಾರೆ ಗೊತ್ತೇ? ಅನ್ನಕ್ಕೆ ಎಳ್ಳುಪುಡಿ ಉದುರಿಸಿದಷ್ಟಲ್ಲ, ಮೂಲಂಗಿ ಉಪ್ಪಿನಕಾಯಿ ಹಾಕುವಷ್ಟು. ಆ ಉಪ್ಪುನೀರು ಒಂದು ಚಳಿಗಾಲ ಹತ್ತಿದರೆ ಕಾರಿನ ಹೊಟ್ಟೆ ಜರಡಿ. ಮಾರ್ಚಿನಲ್ಲಿ ಎರಡು ವರ್ಷದ ತಪಾಸಣೆ ಇದೆ. ಅಡಿಯಲ್ಲಿ ತೂತು ಕಂಡರೆ ಪಾಸು ಮಾಡುವುದಿಲ್ಲ, ನೇರ ಗುಜರಿಗೆ. ಮೂವತ್ತೆಂಟು ವರ್ಷ ಟ್ಯಾಕ್ಸಿ ಓಡಿಸಿದ್ದೇನೆ, ಒಂದು ಗಾಡಿಯನ್ನೂ ತುಕ್ಕಿಗೆ ಕೊಡಲಿಲ್ಲ.

ಹೊದಿಕೆ ತೆಗೆಯಬೇಡ. ಕೈಬ್ರೇಕ್ ಎಳೆಯಬೇಡ, ಹೆಪ್ಪುಗಟ್ಟಿ ಹಿಡಿದುಕೊಳ್ಳುತ್ತದೆ. ಪಕ್ಕದ ಮನೆಯ ಆ ಕುಮಕುರನನ್ನು ಹತ್ತಿರ ಸೇರಿಸಬೇಡ. ಅವನು ಮುಟ್ಟಿದ ಯಂತ್ರ ಯಾವುದಾದರೂ ಬದುಕಿದೆಯೇ?

ಭಾವನನ್ನು ಈಚೆ ದಡದ ಯಾವುದಾದರೂ ಮನೆಗೆ ಬದಲಾಯಿಸು. ವಸಂತದಲ್ಲಿ ನಾನು ಬಂದು ಕಾರು ಒಯ್ಯುತ್ತೇನೆ.

ಹರುಯೊಶಿ


ನಾಗಾಓಕ, ಡಿಸೆಂಬರ್ 17

ಹರು,

ಬದಲಾಯಿಸಬೇಕಂತೆ! ಮನುಷ್ಯರನ್ನು ಟೈರಿನ ಹಾಗೆ ಬಿಚ್ಚಿ ಹಾಕಲು ಬರುತ್ತದೆಯೇ? ಈಚೆ ದಡದಲ್ಲಿ ಕಾಯುವವರ ಸಾಲು ಎಷ್ಟುದ್ದ ಇದೆಯೆಂದರೆ, ನಿನ್ನ ಭಾವನ ಸರದಿ ಬರುವ ಹೊತ್ತಿಗೆ ನಾನೇ ಆ ಸಾಲಿನಲ್ಲಿರುತ್ತೇನೆ.

ಕಾರು ಶೆಡ್ಡಿನಲ್ಲೇ ಇದೆ. ಹೊದಿಕೆ ಹಾಗೇ ಇದೆ. ಅದರ ಚಿಂತೆ ನಿನಗೆ ಬೇಡ.

ಸುಮ್ಮನೆ ತಿಳಿದುಕೊಳ್ಳೋಣ ಅಂತ ಕೇಳುತ್ತಿದ್ದೇನೆ. ಯಾರಾದರೂ ಒಬ್ಬರ ಕಾರಿಗೆ ಸೇತುವೆಯ ಉಪ್ಪು ಹತ್ತಿತು ಅಂತ ಇಟ್ಟುಕೋ. ಅಡಿಯನ್ನು ತೊಳೆಯುವುದು ದಿನಾ ಒಳ್ಳೆಯದೋ, ವಾರಕ್ಕೊಮ್ಮೆ ಸಾಕೋ? ಬಿಸಿನೀರಿನಲ್ಲೋ, ತಣ್ಣೀರಿನಲ್ಲೋ? ತೊಳೆದ ನೀರು ಅಲ್ಲೇ ಹೆಪ್ಪುಗಟ್ಟಿದರೆ ಏನು ಮಾಡಬೇಕು? ಬ್ರೇಕ್ ಒತ್ತಿದಾಗ ಕಿರ್ ಅಂದರೆ ಅದು ತುಕ್ಕೋ, ಹಿಮವೋ? ಇದೆಲ್ಲ ಕುಮಕುರ ಅವರ ಕಾರಿನ ವಿಷಯ. ಆತನನ್ನು ಕೇಳಿದರೆ ಅಡಿಗೆ ತೌಡೆಣ್ಣೆ ಬಳೀಬೇಕು ಅನ್ನುತ್ತಾನೆ, ಮಂಕ.

ನಿನ್ನ ಭಾವ ಚೆನ್ನಾಗಿದ್ದಾರೆ. ಕೆಸುಗೆಡ್ಡೆ ಬೇಯಿಸಿದ ನೊಪ್ಪೆ ಸಾರನ್ನು ನುಣ್ಣಗೆ ಅರೆದು ತಿನ್ನಿಸಿದೆ, ಬಟ್ಟಲು ಖಾಲಿ ಮಾಡಿದರು. ನಿನ್ನೆ ನನ್ನ ಕೈ ತಣ್ಣಗಿತ್ತೆಂದು ಮುಖ ಸಿಂಡರಿಸಿದರು. ಮುಖ ಸಿಂಡರಿಸುವಷ್ಟು ಚೇತರಿಸಿಕೊಂಡಿದ್ದಾರೆ.

ಇನ್ನೊಂದು. ನಿನ್ನ ಅಕ್ಷರ ಯಾಕೆ ಅಷ್ಟು ದೊಡ್ಡದಾಗಿದೆ? ಸಾಲುಗಳು ಕೆಳಗೆ ಜಾರುತ್ತವೆ. ಕುಡಿದು ಬರೆಯುತ್ತೀಯಾ?

ತೊಕಿಯೆ


ಮಿಯಾಜಾಕಿ, ಡಿಸೆಂಬರ್ 27

ಅಕ್ಕಾ,

ಇಲ್ಲಿಯ ಕಾಗದಕ್ಕೆ ಗೆರೆಯಿಲ್ಲ. ಅಷ್ಟೇ. ಓದಲು ಬಾರದವಳಿಗೆ ದೊಡ್ಡದಾಗಿ ಬರೆದರೆ ಅದೂ ತಪ್ಪು.

ಕುಮಕುರನ ಕಾರು ಹಾಳಾದರೆ ಊರಿಗೆ ಒಳ್ಳೆಯದು. ಆದರೂ ಕೇಳಿದ್ದೀಯೆಂದು ಬರೆಯುತ್ತೇನೆ. ಉಪ್ಪಿನ ರಸ್ತೆಯಲ್ಲಿ ಹೋಗಿಬಂದ ದಿನವೇ ತೊಳೆಯಬೇಕು. ಹಗಲಿನಲ್ಲಿ, ಚಳಿಯ ಕೊರೆತ ಕಡಿಮೆಯಿದ್ದಾಗ, ಉಗುರುಬೆಚ್ಚಗಿನ ನೀರಿನಲ್ಲಿ. ಚಕ್ರದ ಗೂಡು, ಬಾಗಿಲ ಕೆಳಗಿನ ಅಂಚು, ಹಿಂದಿನ ಅಚ್ಚು. ತೊಳೆದ ಮೇಲೆ ಒಂದಷ್ಟು ದೂರ ಓಡಿಸಿ ನೀರು ಝಾಡಿಸಬೇಕು. ಬೆಚ್ಚಗಿನ ಗ್ಯಾರೇಜಿನಲ್ಲಿ ಮಾತ್ರ ತಕ್ಷಣ ನಿಲ್ಲಿಸಬಾರದು. ಉಪ್ಪಿಗೆ ಚಳಿಯಲ್ಲಿ ನಿದ್ದೆ, ಸೆಕೆಯಲ್ಲಿ ಹಸಿವು. ಇದು ನಿಮ್ಮ ಊರಿನ ಯಾವ ದಡ್ಡನಿಗೂ ಗೊತ್ತಿಲ್ಲ.

ಇಲ್ಲಿಯವರಂತೂ ಇನ್ನೂ ಕಡೆ. ಹಿಮವನ್ನು ಟೀವಿಯಲ್ಲಿ ನೋಡಿ ‘ಎಷ್ಟು ಚೆಂದ’ ಅನ್ನುತ್ತಾರೆ. ಅಳಿಯ ಕಾರು ಓಡಿಸುವ ರೀತಿ ನೋಡಿದರೆ ಮೈಯುರಿಯುತ್ತದೆ. ಪಕ್ಕದ ಸೀಟಿನಲ್ಲಿ ಕಣ್ಣು ಮುಚ್ಚಿ ಕೂತಿರುತ್ತೇನೆ.

ಹರುಯೊಶಿ


ಮಿಯಾಜಾಕಿ, ಜನವರಿ 9

ಸುಳ್ಳಿಯೇ,

ಕುಮಕುರನಿಂದ ಹೊಸವರ್ಷದ ಕಾರ್ಡು ಬಂತು. ಮಗಳು ಓದಿ ಹೇಳಿದಳು. ‘ನಿಮ್ಮ ಅಕ್ಕ ನಿಮ್ಮ ಕಾರಿನಲ್ಲಿ ದಿನವೂ ಸೇತುವೆ ದಾಟುವುದನ್ನು ಕಂಡು ಬೀದಿಯವರೆಲ್ಲ ಮೆಚ್ಚುತ್ತಿದ್ದೇವೆ’ ಎಂದು ಬರೆದಿದ್ದಾನೆ. ಮೆಚ್ಚುತ್ತಾನಂತೆ, ಮಂಕ.

ಶೆಡ್ಡಿನ ಹೊದಿಕೆಯ ಕೆಳಗೆ ಏನಿಟ್ಟಿದ್ದೀ? ಉಪ್ಪಿನಕಾಯಿ ಪೀಪಾಯಿಯೇ?

ಹರುಯೊಶಿ


ನಾಗಾಓಕ, ಜನವರಿ 25

ಹರು,

ಹೌದು. ಪೀಪಾಯಿಯೇ, ಅದರ ಮೇಲೆ ಎರಡು ಕುರ್ಚಿ. ದೂರದಿಂದ ಕಾರಿನ ಹಾಗೇ ಕಾಣುತ್ತದೆ.

ಬೈದುಕೋ. ಬಸ್ಸು ನಿಂತ ಮರುದಿನವೇ ತೆಗೆದೆ. ಮೊದಲ ದಿನ ಸೇತುವೆಯ ಮಧ್ಯದಲ್ಲಿ ಕಾರು ನಿಲ್ಲಿಸಿಬಿಟ್ಟೆ, ಹಿಂದಿನ ಲಾರಿಯವನು ಹಾರ್ನು ಹೊಡೆದೂ ಹೊಡೆದೂ ಸುಸ್ತಾದ. ಹೊಡೆಯಲಿ. ಅವನ ಹೆಂಡತಿ ಯಾರ ಕೈಯಿಂದ ಉಣ್ಣುತ್ತಾಳೋ ಅದು ಅವನ ಚಿಂತೆ. ಈಗ ಮಧ್ಯಾಹ್ನ ಹೊರಟರೆ ಊಟದ ಹೊತ್ತಿಗೆ ಸರಿಯಾಗಿ ತಲುಪುತ್ತೇನೆ. ನಿನ್ನ ಭಾವ ಕಿಟಕಿಯಲ್ಲಿ ಬಿಳಿ ಕಾರು ಕಂಡ ಕೂಡಲೇ ಬಾಯಿ ತೆರೆದು ಕಾಯುತ್ತಾರಂತೆ. ಅದನ್ನು ಹೇಳಿ ದಾದಿಯರು ನಗುತ್ತಾರೆ. ಅವರಿಗೇನು, ಮದುವೆಯಾಗಿಲ್ಲ.

ನಿನ್ನ ಕಾರನ್ನು ನಾನು ಕೊಲ್ಲುತ್ತಿಲ್ಲ. ನಿನ್ನಷ್ಟೇ ಕಾಳಜಿ ನನಗೂ ಇದೆ, ನಿನಗಿಂತ ಒಂದು ಗುಂಜಿ ಹೆಚ್ಚೇ. ನೀನು ಬರೆದ ಹಾಗೆ ಬಕೆಟ್ಟಿನಲ್ಲಿ ಬೆಚ್ಚನೆ ನೀರು ಹಿಡಿದು ಮಂಡಿಯೂರಿದೆ. ಎರಡನೇ ದಿನಕ್ಕೆ ಎದ್ದು ನಿಲ್ಲಲಾಗಲಿಲ್ಲ. ಆಗ ಒಂದು ಉಪಾಯ ಹೊಳೆಯಿತು. ನಮ್ಮ ಬೀದಿಯ ನಡುವಿನ ಹಿಮ ಕರಗಿಸುವ ಕೊಳವೆ ಇದೆಯಲ್ಲ, ನೆಲದಡಿಯ ನೀರು ತೂತುಗಳಿಂದ ಚಿಮ್ಮುತ್ತ ಇರುತ್ತದೆ. ವಾಪಸು ಬಂದವಳು ಕಾರನ್ನು ಸರಿಯಾಗಿ ಆ ತೂತಿನ ಮೇಲೆ ತಂದು ನಿಲ್ಲಿಸುತ್ತೇನೆ. ಕಾರಿನ ಹೊಟ್ಟೆಗೆ ಕೆಳಗಿನಿಂದ ಸ್ನಾನ! ಅರ್ಧ ಅಡಿ ಮುಂದೆ, ಮತ್ತೆ ಅರ್ಧ ಅಡಿ ಹಿಂದೆ. ಊರಿನಲ್ಲಿ ಇಷ್ಟು ಗಂಡಸರಿದ್ದಾರೆ, ಒಬ್ಬನಿಗಾದರೂ ಹೊಳೆದಿತ್ತೇ? ಕುಮಕುರ ಬಂದು, “ತೊಕಿಯೆ ಅವ್ರೇ, ದಾರಿ ಬಿಡ್ತೀರಾ, ಇಲ್ಲ ನಿಮ್ ಕಾರಿಗೆ ಬೆನ್ನೂ ಉಜ್ಜಬೇಕಾ?” ಅಂದ. “ನಿಮ್ ಬೆನ್ನು ಮೊದ್ಲು ಉಜ್ಕೊಳ್ಳಿ, ಅದಕ್ಕೂ ತುಕ್ಕು ಹಿಡ್ದಿದೆ” ಅಂದೆ.

ಆದರೆ ಈಗ ಹೆದರಿಕೆ ಹಿಡಿದಿದೆ, ಅದಕ್ಕೇ ನಿಜ ಬರೆಯುತ್ತಿದ್ದೇನೆ. ಮೊನ್ನೆ ಬಗ್ಗಿ ನೋಡಿದರೆ ಕಾರಿನ ಹೊಟ್ಟೆಯೆಲ್ಲ ಕೆಂಪು. ಮಾಗಿದ ಪರ್ಸಿಮನ್ ಹಣ್ಣಿನ ಬಣ್ಣ. ಚಕ್ರ, ಗೂಡು, ಅಂಚು ಎಲ್ಲ. ಊರಿನ ನೀರೇ ಹಾಗೆ, ರಸ್ತೆಯೂ ಕೆಂಪು, ಗೋಡೆಯೂ ಕೆಂಪು, ನಿಜ. ಇದು ನೀರಿನ ಕೆಂಪೋ, ತುಕ್ಕಿನ ಕೆಂಪೋ? ಉಗುರಿನಲ್ಲಿ ಕೆರೆದರೆ ಎರಡೂ ಒಂದೇ ಹಾಗೆ ಬರುತ್ತದೆ. ನಿದ್ದೆಯಿಲ್ಲ. ಮಾರ್ಚಿನಲ್ಲಿ ಪಾಸಾಗದಿದ್ದರೆ ನಿನ್ನ ಭಾವ ಕಿಟಕಿಯಲ್ಲಿ ಬಾಯಿ ತೆರೆದುಕೊಂಡೇ ಇರುತ್ತಾರೆ. ಬೇಗ ಉತ್ತರ ಬರೆ.

ತೊಕಿಯೆ


ಮಿಯಾಜಾಕಿ, ಫೆಬ್ರವರಿ 4

ಅಕ್ಕಾ,

ಓದಿ ನಗು ಬಂತು, ಆಮೇಲೆ ಊಟ ಸೇರಲಿಲ್ಲ.

ಒಂದು ವಸ್ತುವಿಗೆ ತುಕ್ಕು ಹಿಡಿಯಬಾರದೆಂದರೆ ಒಣಗಿಸಬೇಕು ಎಂದು ಮಗುವಿಗೂ ಗೊತ್ತು. ನೀನು ಅದನ್ನು ಕಬ್ಬಿಣದ ನೀರಿನಲ್ಲಿ ನೆನೆಹಾಕಿದ್ದೀ, ಬೀನ್ಸ್ ಕಾಳಿನ ಹಾಗೆ! ಕೆಂಪು ಅಂದರೆ ತುಕ್ಕು. ಇನ್ನೇನು, ಕುಂಕುಮವೇ?

ಆದರೂ ಕಾರು ಉಳಿದಿರಬಹುದು. ನಿನ್ನಿಂದಲ್ಲ, ನನ್ನಿಂದ. ಹೋದ ವರ್ಷಕ್ಕೂ ಹಿಂದಿನ ವರ್ಷ, ಟ್ಯಾಕ್ಸಿ ಬಿಟ್ಟ ಶರತ್ಕಾಲದಲ್ಲಿ ನಾನೇ ಮಲಗಿಕೊಂಡು ಅಡಿಗೆಲ್ಲ ದಪ್ಪನೆಯ ಕಪ್ಪು ಲೇಪ ಬಳಿದಿದ್ದೇನೆ. ಸೂಜಿಮೊನೆಯಷ್ಟೂ ಜಾಗ ಬಿಟ್ಟಿಲ್ಲ. ನಿನ್ನ ಕೆಂಪು ಅದರ ಮೇಲೆ ಕೂತಿದ್ದರೆ ಕಾರಿಗೆ ಆಯುಸ್ಸಿದೆ. ಒಳಗೆ ಹೋಗಿದ್ದರೆ ಮುಗಿಯಿತು.

ಇನ್ನು ಆ ಕೊಳವೆಯ ಮೇಲೆ ನಿಲ್ಲಿಸಬೇಡ. ಕೆರೆಯಬೇಡ. ತಂತಿಯ ಬ್ರಷ್ಷಂತೂ ಮುಟ್ಟಲೇಬೇಡ. ನನ್ನ ಲೇಪ ಕಿತ್ತರೆ ನಾನು ನಿನ್ನ ತಮ್ಮನಲ್ಲ. ತಪಾಸಣೆಗೆ ಮೊದಲು ಹೊಶಿನೊ ಗ್ಯಾರೇಜಿಗೆ ತೋರಿಸು. ಅವನೂ ಅಂಥ ಪಂಡಿತನೇನಲ್ಲ, ಆದರೆ ಸುತ್ತಿಗೆ ಇದೆ.

ಹರುಯೊಶಿ


ಮಿಯಾಜಾಕಿ, ಮಾರ್ಚ್ 1

ತಿಂಗಳಾಗುತ್ತ ಬಂತು, ಒಂದು ಸಾಲಿಲ್ಲ. ಟೀವಿಯಲ್ಲಿ ನಿಮ್ಮ ಕಡೆ ಹಿಮ ಎರಡನೇ ಮಹಡಿಯವರೆಗೆ ಬಂದಿದೆ ಎಂದರು. ಸತ್ತಿದ್ದರೆ ತಿಳಿಸು. ಕಾರು ಏನಾಯಿತು?

ಹರು


ನಾಗಾಓಕ, ಮಾರ್ಚ್ 10

ಹರು,

ಸತ್ತಿಲ್ಲ. ಸೂರಿನ ಹಿಮ ಇಳಿಸುತ್ತಿದ್ದೆ. ಅದರ ಮೇಲೆ ನಿನ್ನ ಕಾಗದದ ಸಿಟ್ಟು. ಬೀನ್ಸ್ ಕಾಳಂತೆ.

ಈಗ ಕೂತ್ಕೊಂಡು ಓದು. ಮಗಳು ಓದಿ ಹೇಳುವುದಾದರೆ ಅವಳೂ ಕೂತಿರಲಿ. ನಿನ್ನ ಪ್ರತಾಪ ಅವಳಿಗೂ ಗೊತ್ತಾಗಲಿ.

ನಿನ್ನೆ ಹೊಶಿನೊ ಗ್ಯಾರೇಜಿಗೆ ಹೋದೆ. ಕಾರನ್ನು ಮೇಲಕ್ಕೆತ್ತಿ ಕೆಳಗೆ ನಿಂತ. “ಕೆಂಪಾಗಿದ್ಯಲ್ಲಪ್ಪಾ, ಎಲ್ಲಾ ಹೋಯ್ತಾ?” ಅಂದೆ. ಒದ್ದೆ ಬಟ್ಟೆಗೆ ಅದೇನೋ ದ್ರಾವಣ ಹಾಕಿ ಒರೆಸಿದ. ಕೆಂಪು ಬಟ್ಟೆಗೆ ಬಂತು, ಕೆಳಗೆ ನಿನ್ನ ಕಪ್ಪು ಲೇಪ ಹಾಗೇ ಇತ್ತು. “ಇದು ತುಕ್ಕಲ್ಲಮ್ಮಾ, ನಮ್ಮೂರ ನೀರು. ಆದ್ರೂ ಕೊಳವೆ ಮೇಲೆ ಕಾರ್ ನಿಲ್ಸಿ ಸ್ನಾನ ಮಾಡ್ಸಿದ್ದು ನೀವೊಬ್ರೇ ಇರ್ಬೇಕು. ಇನ್ಮೇಲೆ ಸೋಪೂ ಹಾಕಿ” ಅಂದ. ಒರಟ. ಅವರಪ್ಪನೂ ಹಾಗೇ.

ಆಮೇಲೆ ಸಣ್ಣ ಸುತ್ತಿಗೆ ತೆಗೆದುಕೊಂಡು ತಟ್ಟುತ್ತ ಬಂದ. ಮುಂದೆ ಠಣ್. ಮಧ್ಯದಲ್ಲಿ ಠಣ್. ನಾನು ತೊಳೆದ ಕಡೆಯೆಲ್ಲ ಠಣ್ ಠಣ್. ಹಿಂದಿನ ಬಾಗಿಲ ಕೆಳಗೆ, ಒರೆಸಿದ ಮೇಲೆ ನಿನ್ನ ಕಪ್ಪು ಲೇಪ ಹೊಸ ಬೂಟಿನ ಹಾಗೆ ಮಿರಿಮಿರಿ ಮಿಂಚುತ್ತಿದ್ದ ಕಡೆ, ದೊಪ್ ಅಂತು. ಮತ್ತೊಮ್ಮೆ ತಟ್ಟಿದ. ಸುತ್ತಿಗೆ ಒಳಗೇ ಹೋಯಿತು. ಕಂದು ನೀರು ಬಳಬಳನೆ ಸುರಿದು ಅವನ ತೋಳೆಲ್ಲ ನೆನೆಯಿತು.

“ಇದನ್ ಬಳಿದಿದ್ಯಾರು?” ಅಂದ.

“ನನ್ ತಮ್ಮ. ಮೂವತ್ತೆಂಟು ವರ್ಷ ಟ್ಯಾಕ್ಸಿ ಓಡ್ಸಿದೋನು.”

“ಓಡ್ಸೋದ್ ಬರ್ತಿತ್ತು, ಬಿಡಿ” ಅಂದ. “ಬಾಗ್ಲಂಚಿನ ಕೆಳಗೆ ಸಣ್ಣ ತೂತುಗಳಿರ್ತವೆ, ಒಳಗೆ ಸೇರಿದ್ ನೀರು ಇಳ್ದು ಹೋಗ್ಲಿ ಅಂತ. ಪುಣ್ಯಾತ್ಮ ಎಲ್ಲಾನೂ ಮುಚ್ಚಿದಾನೆ. ಹೋದ್ ಚಳಿಗಾಲದ ಉಪ್ಪುನೀರೂ ಇಲ್ಲೇ, ಈ ಸಲದ್ದೂ ಇಲ್ಲೇ. ಹೊರಗೆ ಮಿಂಚು, ಒಳಗೆ ಗಂಜಿ. ನೋಡಿ ಇಲ್ಲಿ, ತಿರುಪಿನ ಮೇಲೂ ಬಳಿದಿದಾನೆ, ವೈರಿನ ಮೇಲೂ ಬಳಿದಿದಾನೆ, ಅಲ್ಲೊಂದು ಒಣಗಿದ ಎಲೆ ಸಿಕ್ಕೊಂಡಿತ್ತು, ಅದ್ರ ಮೇಲೂ! ಕಣ್ ಮುಚ್ಕೊಂಡ್ ಬಳಿದಂಗಿದೆ.”

ಕೇಳಿದೆಯಾ? ಕಣ್ಣು ಮುಚ್ಚಿಕೊಂಡು ಬಳಿದ ಹಾಗಿದೆಯಂತೆ. ಸೂಜಿಮೊನೆಯಷ್ಟೂ ಜಾಗ ಬಿಟ್ಟಿಲ್ಲ ಅಂದೆಯಲ್ಲ, ನಿಜ. ನೀರಿಗೂ ಬಿಡಲಿಲ್ಲ. ಇಡೀ ಚಳಿಗಾಲ ನನ್ನನ್ನು ದಡ್ಡಿ, ಸುಳ್ಳಿ ಅಂದೆ. ನನ್ನ ಕೆಂಪು ಒರೆಸಿದರೆ ಹೋಗುತ್ತದೆ. ನಿನ್ನ ಕಪ್ಪು ಕಾರನ್ನೇ ತಿಂದಿತು. ಗಲ್ಲಿಯಲ್ಲಿ ಸಿಕ್ಕವರಿಗೆಲ್ಲ ಹೇಳಿಕೊಂಡು ಬಂದಿದ್ದೇನೆ. ಕುಮಕುರ ಹೊಟ್ಟೆ ಹಿಡಿದುಕೊಂಡು ನಕ್ಕ.

ಇಷ್ಟು ಬರೆದು ಸಮಾಧಾನವಾಯಿತು ಅಂದುಕೊಂಡೆ. ಆಗಲಿಲ್ಲ. ಹೀಗಿದ್ದರೆ ಕಾರು ಪಾಸಾಗುವುದಿಲ್ಲ, ಹರು. ಕೊಳೆತದ್ದನ್ನು ಕತ್ತರಿಸಿ ಹೊಸ ತಗಡು ಬೆಸೆದರೆ ಆಗಬಹುದು, ಆದರೆ ಹಳೆಯ ಗಾಡಿ, ಬೆಸೆಯುವುದೋ ಗುಜರಿಗೆ ಹಾಕುವುದೋ ಮಾಲೀಕನೇ ಹೇಳಬೇಕು ಅನ್ನುತ್ತಾನೆ ಹೊಶಿನೊ. ಇವತ್ತು ನಡೆದೇ ಹೊರಟೆ. ಸೇತುವೆಯ ಮೇಲೆ ಗಾಳಿಗೆ ನೊಪ್ಪೆಯ ಡಬ್ಬಿ ಎದೆಗವುಚಿಕೊಂಡು ನಿಂತುಬಿಟ್ಟೆ. ಕುಮಕುರ ಕಾರು ನಿಲ್ಲಿಸಿ ಹತ್ತಿಸಿಕೊಂಡ. ದಾರಿಯುದ್ದಕ್ಕೂ ತೌಡೆಣ್ಣೆಯ ಉಪದೇಶ. ನಿನ್ನ ಭಾವ ಕಿಟಕಿಯಲ್ಲಿ ಕುಮಕುರನ ನೀಲಿ ಕಾರು ನೋಡಿ ಮುಖ ತಿರುಗಿಸಿದರಂತೆ. ನಾನು ಒಳಗೆ ಹೋಗುವಷ್ಟರಲ್ಲಿ ಕೊಳವೆ ಹಾಕಿ ಮುಗಿಸಿದ್ದರು.

ಬಂದು ಏನಾದರೊಂದು ಹೇಳು. ನಿನ್ನದಲ್ಲವೇ ಕಾರು.

ತೊಕಿಯೆ


ಮಿಯಾಜಾಕಿ, ಮಾರ್ಚ್ 15

ಅಕ್ಕಾ,

ಬರಲು ಆಗುವುದಿಲ್ಲ. ಇದರ ಜೊತೆ ಕಾಗದಗಳಿವೆ, ನನ್ನ ಮುದ್ರೆ ಬಿದ್ದಿದೆ. ಕಾರನ್ನು ನಿನ್ನ ಹೆಸರಿಗೆ ಮಾಡಿಸಿಕೋ. ಬೆಸೆಸು. ಹೊಶಿನೊಗೆ ಹೇಳು, ತೇಪೆ ಹಾಕುವ ಮೊದಲು ಒಳಗಿನ ಉಪ್ಪೆಲ್ಲ ಹೋಗುವ ಹಾಗೆ ತೊಳೆದು, ಒಣಗಿಸಿ, ಆಮೇಲೆ ಒಳಗೆ ತೆಳುವಾದ ಎಣ್ಣೆ ಸಿಂಪಡಿಸಲಿ. ಅವನಿಗೆ ಹೇಳದಿದ್ದರೆ ಮಾಡುವುದಿಲ್ಲ, ಸೋಮಾರಿ.

ಅವನು ಹೇಳಿದ ಇನ್ನೊಂದು ಮಾತು ಸರಿ. ಕಣ್ಣು ಮುಚ್ಚಿಕೊಂಡು ಬಳಿದ ಹಾಗೆ ಎಂದನಲ್ಲ.

ಎಡಗಣ್ಣು ಪೂರ್ತಿ ಹೋಗಿದೆ. ಬಲಗಣ್ಣಿನಲ್ಲಿ ನಡುವೆ ಒಂದು ಕಿಂಡಿಯಷ್ಟು ಉಳಿದಿದೆ. ಟ್ಯಾಕ್ಸಿ ಬಿಟ್ಟದ್ದು ನಿಮಗೆಲ್ಲ ಹೇಳಿದ್ದ ಸೊಂಟನೋವಿಗಲ್ಲ. ಹೋದ ಅಕ್ಟೋಬರಿನಲ್ಲಿ, ಇಲ್ಲಿಗೆ ಬರುವ ಮೊದಲು, ಪೊಲೀಸ್ ಠಾಣೆಗೆ ಹೋಗಿ ಲೈಸೆನ್ಸು ವಾಪಸು ಕೊಟ್ಟು ಬಂದೆ. ಕೌಂಟರಿನ ಹುಡುಗಿ ‘ಇಷ್ಟು ವರ್ಷ ದುಡಿದಿರಿ’ ಎಂದು ತಲೆಬಾಗಿ ನಮಸ್ಕರಿಸಿದಳು. ಅಂಥ ಅವಮಾನ ಯಾವ ಪ್ರಯಾಣಿಕನೂ ಮಾಡಿರಲಿಲ್ಲ.

ವಸಂತದಲ್ಲಿ ಬಂದು ಕಾರು ಒಯ್ಯುತ್ತೇನೆ ಅಂದದ್ದು ಸುಮ್ಮನೆ. ಶೆಡ್ಡಿನಲ್ಲಿ ಹಾಗೇ ಇರಲಿ, ಯಾರೂ ಮುಟ್ಟದಿರಲಿ ಅನ್ನಿಸಿತ್ತು.

ಗಲ್ಲಿಯವರಿಗೆ ಇದನ್ನು ಹೇಳಬೇಡ. ಕುಮಕುರನಿಗಂತೂ ಬೇಡ. ಅವನು ಕನಿಕರಪಡುತ್ತಾನೆ.

ಹರು


ನಾಗಾಓಕ, ಏಪ್ರಿಲ್ 2

ಹರು,

ಕಾರು ಪಾಸಾಯಿತು. ಈಗ ಅದು ನನ್ನದು, ಆದ್ದರಿಂದ ಇನ್ನು ನಿನ್ನ ಅಪ್ಪಣೆಗಳು ಬೇಡ. ಹೊಶಿನೊ ತೊಳೆದ, ಒಣಗಿಸಿದ, ಎಣ್ಣೆ ಸಿಂಪಡಿಸಿದ. ನಾನು ಪಕ್ಕದಲ್ಲಿ ನಿಂತು ಒಂದೊಂದಕ್ಕೂ ಬಾಯಿ ಹಾಕಿದೆ. “ನಿಮ್ ತಮ್ಮನಿಗಿಂತ ನೀವೇ ವಾಸಿ ಅಂದ್ಕೊಂಡಿದ್ದೆ, ತಪ್ಪಾಯ್ತು” ಅಂದ.

ನಿನ್ನ ಭಾವ ಮೊನ್ನೆ ಬಿಳಿ ಕಾರು ನೋಡಿ ಬಾಯಿ ತೆರೆದರು. ಬಟ್ಟಲು ಖಾಲಿ.

ನಿನ್ನ ಕಾಗದವನ್ನು ಮೂರು ಸಲ ಓದಿದೆ. ನನ್ನ ಅಕ್ಷರಜ್ಞಾನಕ್ಕೆ ಅಷ್ಟು ಬೇಕು. ನಾನು ಎಂಥ ಕತ್ತೆ! ಹೋದ ಶರತ್ಕಾಲದಲ್ಲಿ ನೀನು ಚಹಾವನ್ನು ಬಟ್ಟಲಿನ ಪಕ್ಕಕ್ಕೆ ಸುರಿದಾಗ ‘ಕುಡುಕ’ ಅಂತ ಬೈದಿದ್ದೆ, ನೀನೂ ಹೂಂ ಅಂದಿದ್ದೆ. ಕುಡುಕ ಅನ್ನಿಸಿಕೊಳ್ಳುವುದು ಅಷ್ಟು ಸುಲಭವಾಯಿತೇ?

ಗಲ್ಲಿಯವರಿಗೆ ಹೇಳಿಲ್ಲ. ನೀನು ಶುದ್ಧ ಮೂರ್ಖ, ತೂತು ಯಾವುದು, ತಗಡು ಯಾವುದು ತಿಳಿಯದವನು ಅಂತ ಎಲ್ಲರೂ ನಂಬಿದ್ದಾರೆ. ಹಾಗೇ ನಂಬಿಕೊಂಡಿರಲಿ. ಕುಮಕುರ ಕನಿಕರಪಡುತ್ತಿಲ್ಲ, ಖುಷಿಯಾಗಿದ್ದಾನೆ.

ಒಂದು ಮಾತು ಕೇಳಬೇಕಿತ್ತು. ಕೇಳುವುದಷ್ಟೇ, ಅಪ್ಪಣೆ ಬೇಡ. ತೂತುಗಳನ್ನು ಹೊಶಿನೊ ಬಿಡಿಸಿದ್ದಾನೆ, ಆದರೆ ಮಣ್ಣು ಸಿಕ್ಕಿ ಮತ್ತೆ ಮುಚ್ಚಿಕೊಳ್ಳುತ್ತವಂತೆ. ತೊಳೆದ ಮೇಲೆ ಪ್ರತಿಯೊಂದರಿಂದಲೂ ನೀರು ತೊಟ್ಟಿಕ್ಕುತ್ತದೋ ಇಲ್ಲವೋ ಗಮನಿಸಬೇಕಂತೆ. ನನಗೆ ಬಗ್ಗಿ ನೋಡಲು ಆಗುವುದಿಲ್ಲ. ಕಿವಿಯೂ ಈಗೀಗ ಮಂದ. ನೀನಾದರೆ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂತರೂ ಸಾಕು, ಯಾವ ಮೂಲೆಯಲ್ಲಿ ಟಪ್ ಅನ್ನುತ್ತಿಲ್ಲ ಅಂತ ಗೊತ್ತಾಗುತ್ತದೆ. ಇಂಜಿನ್ ಸದ್ದಿನಲ್ಲೇ ಯಾರ ಟ್ಯಾಕ್ಸಿ ಅಂತ ಹೇಳುತ್ತಿದ್ದವನಲ್ಲವೇ ನೀನು. ನವೆಂಬರಿಗೆ ಉಪ್ಪು ಸುರಿಯಲು ಶುರುಮಾಡುತ್ತಾರೆ. ಅದಕ್ಕೆ ಮೊದಲು ಬಾ. ಮಿಯಾಜಾಕಿಯ ಬಿಸಿಲು ಎಲ್ಲಿಗೂ ಓಡಿಹೋಗುವುದಿಲ್ಲ.

ಸ್ಟೇಷನ್ನಿಗೆ ನಾನೇ ಕಾರು ತರುತ್ತೇನೆ. ತೋಫು ಹಿಡಿದ ಹಾಗೇ ಓಡಿಸುತ್ತೇನೆ, ಬಾಯಿ ಮುಚ್ಚಿಕೊಂಡಿರು. ಮುಂದಿನ ಸೀಟಿಗೆ ಆಸೆಪಡಬೇಡ. ನಿನ್ನ ಭಾವನನ್ನು ಒಂದು ಮಧ್ಯಾಹ್ನದ ಮಟ್ಟಿಗೆ ಹೊರಗೆ ಕರೆದುಕೊಂಡು ಹೋಗಬಹುದು ಅಂತ ಆರೈಕೆ ಮನೆಯವರು ಅಂದಿದ್ದಾರೆ, ಅದು ಅವರ ಜಾಗ. ನೀನು ಹಿಂದೆ ಕೂರು. ತೇಪೆ ಹಾಕಿರುವುದು ಸರಿಯಾಗಿ ಅದರ ಕೆಳಗೆ. ನಿನ್ನ ಭಾರ ತಡೆದರೆ ಯಾರ ಭಾರವನ್ನಾದರೂ ತಡೆಯುತ್ತದೆ.

ತೊಕಿಯೆ